ಹಳೆಯ ಕಾರು, ಹೊಸ ತಂತಿಜಾಲ: ವೈರಿಂಗ್ ಕಿಟ್ ಆಯ್ಕೆಯ ವಿವೇಚನೆ

ಹಳೆಯ ಕಾರಿನ ಮೈಕಟ್ಟನ್ನು ಹಾಗೆಯೇ ಉಳಿಸಿಕೊಂಡು, ಅದರ ಎಂಜಿನ್, ಬ್ರೇಕ್, ದೀಪ, ಹವಾನಿಯಂತ್ರಣಗಳನ್ನು ಕಾಲಕ್ಕೆ ತಕ್ಕಂತೆ ಬದಲಿಸಿ ಮತ್ತೆ ರಸ್ತೆಗಿಳಿಸುವ ಕಸುಬು ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಎರಡನೆಯ ಮಹಾಯುದ್ಧದ ನಂತರ ದೊಡ್ಡದಾಗಿ ಬೆಳೆಯಿತು. 1932ರ ಫೋರ್ಡ್ ಮತ್ತು 1955ರಿಂದ 1957ರವರೆಗಿನ ಷೆವ್ರೊಲೆ ಕಾರುಗಳು ಈ ಕಸುಬಿನವರಿಗೆ ಇಂದಿಗೂ ಅಚ್ಚುಮೆಚ್ಚು. ಇಂಥ ಕಾರಿನ ಬಣ್ಣವನ್ನೂ ಎಂಜಿನ್ನನ್ನೂ ಎಲ್ಲರೂ ಮೆಚ್ಚುತ್ತಾರೆ. ಆದರೆ ಹೊರಟ ಕಾರು ಮನೆಗೆ ಮರಳುತ್ತದೆಯೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಡ್ಯಾಶ್‌ಬೋರ್ಡಿನ ಹಿಂದೆ, ನೆಲಹಾಸಿನ ಅಡಿಯಲ್ಲಿ ಅಡಗಿರುವ ತಂತಿಜಾಲ. ಅದನ್ನು ಪೂರ್ತಿಯಾಗಿ ಹೊಸದಾಗಿಸಲು ಬೇಕಾದ ಫ್ಯೂಸ್ ಫಲಕ, ಅದಕ್ಕೆ ಮೊದಲೇ ಜೋಡಿಸಿದ ಬಣ್ಣಬಣ್ಣದ ತಂತಿಗಳ ಕಟ್ಟು, ತುದಿಗೆ ಹಾಕುವ ಟರ್ಮಿನಲ್‌ಗಳು, ರಿಲೇಗಳು ಮತ್ತು ಕೈಪಿಡಿ ಒಟ್ಟಾಗಿ ಸಿಗುವ ಪೆಟ್ಟಿಗೆಗೆ ವೈರಿಂಗ್ ಕಿಟ್ ಎಂದು ಹೆಸರು.

ಹಳೆಯ ತಂತಿಯನ್ನೇ ಉಳಿಸಿಕೊಳ್ಳಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ಅದರ ಹೊದಿಕೆಯಲ್ಲಿದೆ. ಆ ಕಾಲದ ಎಷ್ಟೋ ಕಾರುಗಳ ತಂತಿಗೆ ರಬ್ಬರಿನ ಮೇಲೆ ಹತ್ತಿಯ ಹೆಣಿಗೆಯ ಹೊದಿಕೆ ಇತ್ತು. ದಶಕಗಳ ಬಿಸಿಗೆ ರಬ್ಬರು ಒಣಗಿ ಪುಡಿಯಾದರೆ ತಾಮ್ರ ಬಯಲಾಗಿ, ಕಬ್ಬಿಣದ ಮೈಗೆ ತಗುಲಿ ಬೆಂಕಿಗೆ ದಾರಿಯಾಗುತ್ತದೆ. ವಿದ್ಯುತ್ ವ್ಯವಸ್ಥೆಯೂ ಬೇರೆಯೇ ಆಗಿತ್ತು. ಷೆವ್ರೊಲೆ 6 ವೋಲ್ಟ್ ಬಿಟ್ಟು 12 ವೋಲ್ಟಿಗೆ ಬಂದದ್ದು 1955ರಲ್ಲಿ, ಫೋರ್ಡ್ 1956ರಲ್ಲಿ. ಅದಕ್ಕೆ ಮೊದಲಿನ ಎಷ್ಟೋ ಫೋರ್ಡ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಮೈಗೆ ಜೋಡಿಸಲಾಗುತ್ತಿತ್ತು. ಆಲ್ಟರ್ನೇಟರ್ ಎಂಬ ಇಂದಿನ ವಿದ್ಯುಜ್ಜನಕವನ್ನು ಅಮೆರಿಕದ ಸಾಮಾನ್ಯ ಕಾರಿಗೆ ತಂದದ್ದು 1960ರ ಕ್ರೈಸ್ಲರ್ ವ್ಯಾಲಿಯಂಟ್. ಅದಕ್ಕೂ ಹಿಂದಿನ ಡೈನಮೋ ಕೊಡುತ್ತಿದ್ದುದು 30 ಆಂಪಿಯರ್ ಆಸುಪಾಸಿನ ವಿದ್ಯುತ್ತು, ಈಗಿನ ಆಲ್ಟರ್ನೇಟರ್ ಸಲೀಸಾಗಿ 100 ಆಂಪಿಯರ್ ದಾಟುತ್ತದೆ. ಹಳೆಯ ಆಮ್‌ಮೀಟರ್ ಮೂಲಕ ಕಾರಿನ ಬಹುಪಾಲು ವಿದ್ಯುತ್ತು ಡ್ಯಾಶ್‌ಬೋರ್ಡಿಗೆ ಬಂದು ಹೋಗುವುದರಿಂದ, ಹೊಸ ಆಲ್ಟರ್ನೇಟರ್ ಹಾಕಿದವರು ಅದನ್ನು ತೆಗೆದು ವೋಲ್ಟ್‌ಮೀಟರ್ ಕೂರಿಸುವುದೇ ಕ್ಷೇಮ.

ಕಿಟ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೂಲ ಕಾರ್ಖಾನೆಯ ತಂತಿಯನ್ನು ಬಣ್ಣ, ಹೆಣಿಗೆ, ಪ್ಲಗ್‌ಗಳ ಸಮೇತ ಯಥಾವತ್ತಾಗಿ ಮರುಸೃಷ್ಟಿಸುವುದು ಒಂದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸಮೀಪದ ಆಟೋಸ್ಪಾರ್ಕ್ಸ್ ಬ್ರಿಟಿಷ್ ಕಾರುಗಳಿಗೆ ಇಂಥದನ್ನು ತಯಾರಿಸುತ್ತದೆ. ಯಾವ ಕಾರಿಗಾದರೂ ಹೊಂದಿಸಬಹುದಾದ, ಉದ್ದವನ್ನು ಕಟ್ಟುವವರೇ ಕತ್ತರಿಸಿಕೊಳ್ಳಬೇಕಾದ ಸಾರ್ವತ್ರಿಕ ಕಿಟ್ ಇನ್ನೊಂದು. ಟೆಕ್ಸಾಸಿನ ಫೋರ್ಟ್ ವರ್ತ್‌ನ ಪೇನ್‌ಲೆಸ್ ಪರ್ಫಾರ್ಮೆನ್ಸ್ ಇದಕ್ಕೆ ಹೆಸರಾದುದು. ಇವೆರಡರ ನಡುವೆ, ನಿರ್ದಿಷ್ಟ ಮಾದರಿಯ ಕಾರಿಗೆಂದೇ ಹೊಂದಿಸಿ ಒಳಗೆ ಆಧುನಿಕ ಫ್ಯೂಸ್ ಮತ್ತು ಹೆಚ್ಚಿನ ಸರ್ಕೀಟ್‌ಗಳನ್ನು ಸೇರಿಸಿದ ಕಿಟ್‌ಗಳನ್ನು ನ್ಯೂಜೆರ್ಸಿಯ ಅಮೆರಿಕನ್ ಆಟೋವೈರ್ ಮಾರುತ್ತದೆ. ಭಾರತದಲ್ಲಿ 2021ರ ವಿಂಟೇಜ್ ವಾಹನ ನೋಂದಣಿ ನಿಯಮಗಳು 50 ವರ್ಷ ಮೀರಿ ಮೂಲರೂಪದಲ್ಲೇ ಉಳಿದ ವಾಹನಗಳಿಗೆ ಅನ್ವಯಿಸುವುದರಿಂದ, ಬೆಂಗಳೂರು, ಮೈಸೂರುಗಳ ಸಂಗ್ರಾಹಕರಿಗೆ ಮೊದಲ ಬಗೆಯೇ ಹೆಚ್ಚು ಸೂಕ್ತ.

ಸಾರ್ವತ್ರಿಕ ಕಿಟ್‌ಗಳನ್ನು 12, 18, 21 ಸರ್ಕೀಟ್ ಎಂದು ಎಣಿಸಿ ಮಾರುವ ವಾಡಿಕೆಯಿದೆ. ಸರ್ಕೀಟ್ ಎಂದರೆ ಫ್ಯೂಸಿನಿಂದ ಹೊರಟು ಒಂದು ಉಪಕರಣವನ್ನೋ ಗುಂಪನ್ನೋ ತಲುಪುವ ಪ್ರತ್ಯೇಕ ಮಾರ್ಗ. ಆದರೆ ಈ ಎಣಿಕೆಯನ್ನೇ ನೆಚ್ಚಿ ಕೊಳ್ಳುವುದು ತಪ್ಪು. ಕಾರಿನಲ್ಲಿ ಇರುವ ಮತ್ತು ಮುಂದೆ ಬರಲಿರುವ ಪ್ರತಿಯೊಂದು ಉಪಕರಣವನ್ನೂ ಅದು ಎಳೆಯುವ ಆಂಪಿಯರ್ ಸಮೇತ ಹಾಳೆಯ ಮೇಲೆ ಬರೆದು, ನಕ್ಷೆ ಹಾಕಿದ ಮೇಲೆಯೇ ಕಿಟ್ಟಿನ ಮಾತು ಬರಬೇಕು. ಕಿಟಕಿಯೂ ಇಲ್ಲದ 1932ರ ಫೋರ್ಡ್ ರೋಡ್‌ಸ್ಟರಿಗೆ 12 ಸರ್ಕೀಟ್ ಧಾರಾಳ; ಎಸಿ, ವಿದ್ಯುತ್ ಕಿಟಕಿ, ರೇಡಿಯೇಟರ್ ಫ್ಯಾನ್, ವಿದ್ಯುತ್ ಇಂಧನ ಪಂಪ್ ಎಲ್ಲವೂ ಇರುವ 1957ರ ಷೆವ್ರೊಲೆ ಬೆಲ್ ಏರ್‌ಗೆ 21 ಕೂಡ ಬಿಗಿಯಾಗಬಹುದು. ಆ ಫ್ಯಾನ್ ಒಂದೇ 20ರಿಂದ 30 ಆಂಪಿಯರ್ ಎಳೆಯುವುದರಿಂದ ಅದಕ್ಕೆ ರಿಲೇ ಬೇಕೇ ಬೇಕು. ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಈ ಸ್ವಿಚ್ಚಿನ ತುದಿಗಳಿಗೆ 30, 85, 86, 87 ಎಂಬ ಜರ್ಮನ್ ಮಾನದಂಡದ ಅಂಕಿಗಳೇ ಎಲ್ಲೆಡೆ ರೂಢಿಯಾಗಿವೆ.

ತಂತಿಯ ದಪ್ಪಕ್ಕೆ ಹೆಚ್ಚಿನ ಗಮನ ಸಲ್ಲಬೇಕು. ಅಮೆರಿಕದ ಗೇಜ್ ಅಳತೆಯಲ್ಲಿ ಅಂಕಿ ಕಡಿಮೆಯಾದಷ್ಟೂ ತಂತಿ ದಪ್ಪ: 18 ಗೇಜ್ ತಂತಿಯ ಅಡ್ಡಕೊಯ್ತ ಸುಮಾರು 0.8 ಚದರ ಮಿಲಿಮೀಟರ್, 12 ಗೇಜಿನದು 3.3. ತಲಾ 55 ವ್ಯಾಟಿನ ಎರಡು ಹೆಡ್‌ಲೈಟ್‌ಗಳು 12 ವೋಲ್ಟಿನಲ್ಲಿ ಒಟ್ಟು 9 ಆಂಪಿಯರಿಗೂ ತುಸು ಹೆಚ್ಚು ಎಳೆಯುತ್ತವೆ. ಆ ವಿದ್ಯುತ್ತು 5 ಮೀಟರ್ ಉದ್ದದ 18 ಗೇಜ್ ತಂತಿಯಲ್ಲಿ ಹರಿದರೆ ದಾರಿಯಲ್ಲೇ ಹೆಚ್ಚುಕಡಿಮೆ 1 ವೋಲ್ಟ್ ಸೋರಿಹೋಗುತ್ತದೆ, 12 ಗೇಜಿನಲ್ಲಿ ಸೋರುವುದು ಕಾಲು ವೋಲ್ಟ್ ಮಾತ್ರ. 1 ವೋಲ್ಟ್ ಅಲ್ಪವೆನಿಸಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಎಷ್ಟೋ ವೇಗವಾಗಿ ಕುಗ್ಗುವುದರಿಂದ, ಅಷ್ಟಕ್ಕೇ ಬೆಳಕಿನ ಸುಮಾರು ಕಾಲುಭಾಗ ನಷ್ಟವಾಗುತ್ತದೆ. ಇರುಳಿನಲ್ಲಿ ಹಳೆಯ ಕಾರುಗಳ ದೀಪ ಮಂಕೆಂದು ದೂರುವವರು ಬಲ್ಬ್ ಬದಲಿಸುವ ಮುನ್ನ ತಂತಿಯನ್ನು ನೋಡಬೇಕು.

ಹೊದಿಕೆಯ ದರ್ಜೆಯನ್ನೂ ಕೇಳಿ ತಿಳಿಯಬೇಕು. ಅಗ್ಗದ ಕಿಟ್‌ಗಳಲ್ಲಿರುವ ಜಿಪಿಟಿ ತಂತಿಯದು ಪಿವಿಸಿ ಹೊದಿಕೆ, ಅದು 80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ತಕ್ಕದ್ದು. ಟಿಎಕ್ಸ್‌ಎಲ್ ಮತ್ತು ಜಿಎಕ್ಸ್‌ಎಲ್ ಎಂಬ ದರ್ಜೆಗಳದು ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ ಪಾಲಿಎಥಿಲೀನ್ ಹೊದಿಕೆ, ಅದು 125 ಡಿಗ್ರಿ ತಾಳುತ್ತದೆ. ನಿಷ್ಕಾಸ ಕೊಳವೆಗಳ ಪಕ್ಕದಲ್ಲಿ ಹಾಯುವ ತಂತಿಗೆ ಈ ವ್ಯತ್ಯಾಸವೇ ಜೀವಾಳವಾದ್ದರಿಂದ, ದರ್ಜೆಯನ್ನೇ ಹೇಳದ ಕಿಟ್ಟನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳದಿರುವುದು ಒಳಿತು.

ಬಣ್ಣದ ಸಂಪ್ರದಾಯ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಬಹುತೇಕ ಕಿಟ್‌ಗಳು ಜನರಲ್ ಮೋಟರ್ಸ್ ಪದ್ಧತಿಯನ್ನು ಅನುಸರಿಸುತ್ತವೆ. ಅದರಲ್ಲಿ ಕಂದು ತಂತಿ ಹಿಂದೀಪದ್ದು. ಬ್ರಿಟಿಷ್ ಕಂಪನಿ ಲೂಕಾಸ್‌ನ ಪದ್ಧತಿಯಲ್ಲಿ ಅದೇ ಕಂದು ಫ್ಯೂಸೂ ಇಲ್ಲದೆ ಬ್ಯಾಟರಿಯಿಂದ ನೇರ ಬಂದ ತಂತಿ. ಇಂಗ್ಲಿಷ್ ಕಾರಿಗೆ ಅಮೆರಿಕದ ಕಿಟ್ ಹಾಕುವವರು ಉಳಿಸಿಕೊಂಡ ಹಳೆಯ ತಂತಿಗಳ ಗುರುತನ್ನು ಬರೆದಿಡದಿದ್ದರೆ ಅಪಾಯ ತಪ್ಪಿದ್ದಲ್ಲ. ಇನ್ನೊಂದು ತೊಡಕು ಹಿಂದೀಪಗಳದು. ಅಮೆರಿಕದ ಬಹಳಷ್ಟು ಹಳೆಯ ಕಾರುಗಳಲ್ಲಿ ಕೆಂಪು ದೀಪದ ಒಂದೇ ಫಿಲಮೆಂಟ್ ಬ್ರೇಕಿಗೂ ತಿರುವಿಗೂ ಬೆಳಗುತ್ತದೆ, ಆದ್ದರಿಂದ ಬ್ರೇಕಿನ ತಂತಿ ಸ್ಟೀರಿಂಗ್ ಕಂಬದ ಸ್ವಿಚ್ಚಿನ ಮೂಲಕ ಹಾದೇ ಹಿಂದಕ್ಕೆ ಹೋಗುತ್ತದೆ. ಪ್ರತ್ಯೇಕ ಹಳದಿ ಇಂಡಿಕೇಟರ್ ಹಾಕುವುದಾದರೆ ಈ ಹಾದಿಯನ್ನೇ ಬದಲಿಸಬೇಕು. ಕಂಪ್ಯೂಟರ್ ನಿಯಂತ್ರಿತ ಇಂಧನ ಸಿಂಚನದ ಎಂಜಿನ್ ಕೂರಿಸಿದರೆ, ಅದರ ನಿಯಂತ್ರಕಕ್ಕೆ ಎಂಜಿನ್ ಓಡುವಾಗಲೂ ಸ್ಟಾರ್ಟರ್ ತಿರುಗುವಾಗಲೂ ವಿದ್ಯುತ್ತು ಇರುವ ತಂತಿ ಬೇಕು. ರೇಡಿಯೋದ ತಂತಿಯಿಂದ ಕೊಟ್ಟರೆ ಸ್ಟಾರ್ಟರ್ ಸುತ್ತುವಷ್ಟು ಹೊತ್ತೂ ನಿಯಂತ್ರಕ ಸತ್ತಿರುತ್ತದೆ.

ಜೋಡಣೆಯಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಅರ್ಥಿಂಗ್, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ. ಎಂಜಿನ್, ಚೌಕಟ್ಟು, ಮೈ ಈ ಮೂರಕ್ಕೂ ದಪ್ಪ ಪಟ್ಟಿಗಳ ನಂಟಿರಬೇಕು, ಅವು ಕೂರುವ ಜಾಗದ ಬಣ್ಣ ಕೆರೆದಿರಬೇಕು. ಫೈಬರ್‌ಗ್ಲಾಸ್ ಮೈಯ ಕಾರಿನಲ್ಲಿ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ಥ್ ತಂತಿ ಎಳೆಯದೆ ಗತ್ಯಂತರವಿಲ್ಲ. ಎಲ್ಲ ಮುಗಿದ ಮೇಲೂ ಬ್ಯಾಟರಿಯನ್ನು ಕೂಡಲೇ ಜೋಡಿಸದೆ, 10 ಆಂಪಿಯರ್ ಮೀರದ ಸಣ್ಣ ಚಾರ್ಜರಿನಿಂದ ವಿದ್ಯುತ್ತು ಕೊಟ್ಟು ಒಂದೊಂದೇ ಸರ್ಕೀಟನ್ನು ಪರೀಕ್ಷಿಸಿದರೆ, ಎಲ್ಲಾದರೂ ತಪ್ಪಾಗಿದ್ದರೂ ಹೊಸ ತಂತಿ ಸುಟ್ಟುಹೋಗುವ ಮೊದಲೇ ಅದನ್ನು ಕಂಡುಹಿಡಿದು ಸರಿಪಡಿಸಬಹುದು.