"ಬಂಪರ್ ಮಾತ್ರ ಬಿಚ್ಚಿದ್ದು ಸರ್": ರಿಪೇರಿಯಿಂದ ಬಂದ ಕಾರಲ್ಲಿ ವಾರ್ನಿಂಗ್ ಲೈಟ್ ಯಾಕೆ ಉರಿಯುತ್ತೆ?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಇದನ್ನ ಕೇಳ್ತಿದ್ರೆ ಆರಾಮಾಗಿ ಕೇಳಿ. ಕಾರು ಓಡಿಸ್ತಾ ಕೇಳ್ತಿದ್ರೆ ಮಾತ್ರ ಒಂದ್ಸಲ ಮೀಟರ್ ಕಡೆ ಕಣ್ಣು ಹಾಯಿಸಿ, ಹಳದಿ ಲೈಟ್ ಏನಾದ್ರೂ ಉರೀತಿದೆಯಾ ಅಂತ. ಇವತ್ತಿನ ಮಾತೆಲ್ಲ ಅದರದ್ದೇ.

ನನ್ನ ಕಥೆಯಿಂದಲೇ ಶುರು ಮಾಡ್ತೀನಿ. ಕಳೆದ ಮಳೆಗಾಲದಲ್ಲಿ ನನ್ನ ಕಾರಿನ ಮುಂಭಾಗದ ಎಡಗಡೆಗೆ ಒಂದು ಟೆಂಪೋ ಗುದ್ದಿತ್ತು. ಇನ್ಶೂರೆನ್ಸ್ ಕ್ಲೇಮ್, ಡೀಲರ್ ವರ್ಕ್‌ಶಾಪ್, ಹದಿನಾಲ್ಕು ದಿನ ಕಾಯೋದು. ಕಾರೇನೋ ಹೊಸದರ ಹಾಗೆ ಮಿಂಚ್ತಾ ಬಂತು. ಆರನೇ ದಿನ ರಾತ್ರಿ ತುಮಕೂರಿಂದ ಬೆಂಗಳೂರಿಗೆ ವಾಪಸ್ ಬರ್ತಿದ್ದೆ. ನೆಲಮಂಗಲ ಟೋಲ್ ಹತ್ರ ಜೋರು ಮಳೆ. ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲಾ ಆನ್. ಲೇನ್ ಬದಲಿಸೋಕೆ ಸ್ಟೀರಿಂಗ್ ತಿರುಗಿಸಿದ್ದಷ್ಟೇ, ಎಬಿಎಸ್ ಲೈಟ್ ಬಂತು, ಸ್ಟೀರಿಂಗ್ ಲೈಟ್ ಬಂತು, ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯ್ತು. ಹಿಂದೆ ಲಾರಿಯವನ ಹಾರ್ನ್. ಎರಡೂ ಕೈಯಲ್ಲಿ ಎಳೆದು ಹೇಗೋ ಪಕ್ಕಕ್ಕೆ ಹಾಕಿದೆ. ಕಾರು ಆಫ್ ಮಾಡಿ ಮತ್ತೆ ಆನ್ ಮಾಡಿದ್ರೆ ಎಲ್ಲಾ ಸರಿ, ಏನೂ ಆಗೇ ಇಲ್ಲ ಅನ್ನೋ ಹಾಗೆ.

ಮಾರನೇ ದಿನ ವರ್ಕ್‌ಶಾಪ್‌ಗೆ ಹೋದೆ. ಸರ್ವೀಸ್ ಅಡ್ವೈಸರ್ ಹೇಳಿದ್ದು ಒಂದೇ ಮಾತು: "ಸರ್, ನಾವು ಬಂಪರ್, ಹೆಡ್‌ಲೈಟ್ ಮಾತ್ರ ಬಿಚ್ಚಿದ್ದು. ಎಲೆಕ್ಟ್ರಿಕಲ್ ಮುಟ್ಟೇ ಇಲ್ಲ." ಸಂಜೆ ಎಸ್ಟಿಮೇಟ್ ಬಂತು. ಪವರ್ ಸ್ಟೀರಿಂಗ್ ಮೋಟಾರ್ ಸಮೇತ ಕಾಲಂ ಬದಲಿಸಬೇಕು, 42,000 ರೂಪಾಯಿ. ಇದು ಆಕ್ಸಿಡೆಂಟ್‌ಗೆ ಸಂಬಂಧಿಸಿದ್ದಲ್ಲ, ಹಾಗಾಗಿ ಇನ್ಶೂರೆನ್ಸ್ ಬರಲ್ಲ ಅಂತಾನೂ ಹೇಳಿದ್ರು.

"ಎಲೆಕ್ಟ್ರಿಕಲ್ ಮುಟ್ಟೇ ಇಲ್ಲ" ಅನ್ನೋ ಮಾತನ್ನ ಅವರು ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ, ನಿಜ ಅಂತ ನಂಬಿಯೇ ಹೇಳಿದ್ದು. ಆದ್ರೆ ಈಗಿನ ಕಾರಲ್ಲಿ ಬಂಪರ್ ಬಿಚ್ಚೋದು ಅಂದ್ರೇನೇ ಎಲೆಕ್ಟ್ರಿಕಲ್ ಮುಟ್ಟೋದು. ಬಂಪರ್ ಜೊತೆ ಫಾಗ್ ಲ್ಯಾಂಪ್ ಬರುತ್ತೆ, ಕೆಲವು ಕಾರಲ್ಲಿ ಪಾರ್ಕಿಂಗ್ ಸೆನ್ಸರ್ ಬರುತ್ತೆ. ಡೆಂಟಿಂಗ್ ಮಾಡುವಾಗ ಬ್ಯಾಟರಿ ತೆಗೀತಾರೆ, ಬ್ಯಾಟರಿ ಟ್ರೇ ತೆಗೀತಾರೆ, ವೈರಿಂಗ್ ಕಿಟ್ ಪಕ್ಕಕ್ಕೆ ಸರಿಸ್ತಾರೆ. ಒಂದೊಂದು ಜಾಗದಲ್ಲೂ ಕಪ್ಲರ್ ಬಿಚ್ಚಿ ಮತ್ತೆ ಹಾಕಬೇಕು. ಕಪ್ಲರ್ ಅಂದ್ರೆ ಎರಡು ವೈರ್ ಗೊಂಚಲು ಸೇರೋ ಪ್ಲಾಸ್ಟಿಕ್ ಜೋಡಣೆ. ಅದು 'ಟಕ್' ಅಂತ ಲಾಕ್ ಆಗಬೇಕು. ಅರ್ಧ ಕೂತ ಕಪ್ಲರ್ ಕೂಡ ವರ್ಕ್‌ಶಾಪಿನ ಅಂಗಳದಲ್ಲಿ ಚೆನ್ನಾಗೇ ಕೆಲಸ ಮಾಡುತ್ತೆ, ನಿಮ್ಮ ಏರಿಯಾದ ಮೂರನೇ ಹಂಪ್ ದಾಟೋ ತನಕ.

ಒಂದು ಕಡೆ ತಪ್ಪಾದ್ರೆ ನಾಲ್ಕು ಲೈಟ್ ಯಾಕೆ ಉರಿಯುತ್ತೆ? ಕಾರಲ್ಲಿ ಒಂದೇ ಕಂಪ್ಯೂಟರ್ ಇರಲ್ಲ. ಇಂಜಿನ್‌ಗೆ ಒಂದು, ಎಬಿಎಸ್‌ಗೆ ಒಂದು, ಏರ್‌ಬ್ಯಾಗ್‌ಗೆ ಒಂದು, ಸ್ಟೀರಿಂಗ್‌ಗೆ ಒಂದು. ಇವೆಲ್ಲ ಮಾತಾಡೋದು ಒಂದಕ್ಕೊಂದು ಹೊಸೆದ ಎರಡು ವೈರ್ ಮೇಲೆ. ಇದಕ್ಕೆ ಕ್ಯಾನ್ ಬಸ್ ಅಂತಾರೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ ವ್ಯವಸ್ಥೆ ಇದು, ಇವತ್ತು ನಮ್ಮ ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲೂ ಇದೆ. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪ್ ಇದ್ದ ಹಾಗೆ ಅಂದ್ಕೊಳ್ಳಿ. ಚಕ್ರದ ವೇಗ ಎಷ್ಟು ಅಂತ ಎಬಿಎಸ್ ಗ್ರೂಪಿಗೆ ಹಾಕುತ್ತೆ, ಅದನ್ನ ನೋಡ್ಕೊಂಡು ಸ್ಟೀರಿಂಗ್ ಎಷ್ಟು ಹಗುರ ಮಾಡ್ಬೇಕು ಅಂತ ಸ್ಟೀರಿಂಗ್ ಕಂಪ್ಯೂಟರ್ ತೀರ್ಮಾನ ಮಾಡುತ್ತೆ. ಎಬಿಎಸ್ ಸುಮ್ಮನಾದ್ರೆ ಉಳಿದವರೆಲ್ಲ "ಅವನು ಉತ್ತರಾನೇ ಕೊಡ್ತಿಲ್ಲ" ಅಂತ ದೂರು ಬರೀತಾರೆ. ಸ್ಕ್ಯಾನರ್‌ನಲ್ಲಿ 'ಯು' ಅಕ್ಷರದಿಂದ ಶುರುವಾಗೋ ಕೋಡ್‌ಗಳು ಹೆಚ್ಚಾಗಿ ಇಂಥ ದೂರುಗಳೇ. ದೂರು ಕೊಟ್ಟವನನ್ನೇ ಬದಲಿಸಿದ್ರೆ ಏನು ಪ್ರಯೋಜನ ಹೇಳಿ? ರಿಪೇರಿ ಆದ ತಕ್ಷಣ ಒಂದೇ ಸಲ ಮೂರ್ನಾಲ್ಕು ಲೈಟ್ ಬಂದ್ರೆ, ಮೂರ್ನಾಲ್ಕು ಪಾರ್ಟ್ ಒಟ್ಟಿಗೆ ಸತ್ತಿವೆ ಅನ್ನೋದಕ್ಕಿಂತ ಅವೆಲ್ಲ ಹಂಚಿಕೊಳ್ಳೋ ಒಂದು ವೈರೋ, ಫ್ಯೂಸೋ, ಅರ್ಥೋ ಕೆಟ್ಟಿರೋ ಸಾಧ್ಯತೆ ಜಾಸ್ತಿ.

ಹಾಗಂತ ರಿಪೇರಿ ಆದಮೇಲೆ ಕಾಣೋದೆಲ್ಲ ದೋಷ ಅಲ್ಲ. ಬ್ಯಾಟರಿ ಕಳಚಿ ಹಾಕಿದ್ರೆ ಗಡಿಯಾರ ಸೊನ್ನೆಯಿಂದ ಶುರುವಾಗುತ್ತೆ. ಒಂದೇ ಸಲ ಒತ್ತಿದ್ರೆ ಪೂರ್ತಿ ಮೇಲೇರೋ ಕಿಟಕಿ ಅರ್ಧಕ್ಕೆ ನಿಲ್ಲಬಹುದು, ಒಂದೆರಡು ದಿನ ಐಡ್ಲಿಂಗ್ ಏರುಪೇರಾಗಬಹುದು. ಕಾರು ಕಲಿತಿದ್ದನ್ನ ಮರೆತು ಮತ್ತೆ ಕಲೀತಿದೆ ಅಷ್ಟೆ. ಕಿಟಕಿಗೆ ಏನ್ ಮಾಡ್ಬೇಕು ಅಂತ ಓನರ್ಸ್ ಮ್ಯಾನುಯಲ್‌ನಲ್ಲೇ ಇರುತ್ತೆ. (ಹೌದು, ಗ್ಲೋವ್ ಬಾಕ್ಸಲ್ಲಿ ಕವರ್ ಕೂಡ ಬಿಚ್ಚದೆ ಬಿದ್ದಿದೆಯಲ್ಲ, ಅದೇ ಪುಸ್ತಕ.)

ನನ್ನ ಕಾರಿಗೆ ಬರೋಣ. 42,000 ಕೊಡೋ ಮುಂಚೆ ಜೆ.ಸಿ. ರಸ್ತೆ ಕಡೆ ಇರೋ ಒಬ್ಬ ಹಳೇ ಕಾರ್ ಎಲೆಕ್ಟ್ರಿಷಿಯನ್ ಹತ್ರ ಹೋದೆ. ಅವರು ಸ್ಕ್ಯಾನರ್ ಮುಟ್ಟಲಿಲ್ಲ. "ಯಾವಾಗ ಆಗಿದ್ದು?" ಅಂದ್ರು. ರಾತ್ರಿ, ಮಳೆ, ಎಲ್ಲಾ ಆನ್ ಇತ್ತು ಅಂದೆ. "ಹಗಲು ಆಗಿದೆಯಾ?" ಇಲ್ಲ ಅಂದೆ. ಅಷ್ಟು ಕೇಳಿ ಮಲ್ಟಿಮೀಟರ್ ತೆಗೆದ್ರು.

ಕಾರಲ್ಲಿ ಬ್ಯಾಟರಿ ಪ್ಲಸ್‌ನಿಂದ ಕರೆಂಟ್ ವೈರಲ್ಲಿ ಹೋಗುತ್ತೆ. ವಾಪಸ್ ಬರೋದು ಕಾರಿನ ಲೋಹದ ಬಾಡಿ ಮೂಲಕ. ಆ ಬಾಡಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಒಂದು ದಪ್ಪ ಕೇಬಲ್, ಒಂದು ಬೋಲ್ಟ್. ಇದೇ ಮೇನ್ ಅರ್ಥ್. ಕೇಬಲ್ ತುದಿಯ ಲಗ್ ಕೂರೋ ಜಾಗದಲ್ಲಿ ಬಣ್ಣ ಇರಬಾರದು, ಬರೀ ಲೋಹ ಇರಬೇಕು. ನನ್ನ ಕಾರಿನ ಎಡಗಡೆ ಪ್ಯಾನೆಲ್ ಹೊಸದು. ಅದಕ್ಕೆ ಪ್ರೈಮರ್, ಪೇಂಟ್ ಎಲ್ಲಾ ಹೊಡೆದು, ಅದರ ಮೇಲೇ ಅರ್ಥ್ ಬೋಲ್ಟ್ ಬಿಗಿದಿದ್ರು. ಬೋಲ್ಟಿನ ಮರೆ ಮೂಲಕ ಅಷ್ಟಿಷ್ಟು ಸಂಪರ್ಕ ಇತ್ತು, ಕಾರು ಸ್ಟಾರ್ಟ್ ಆಗ್ತಿತ್ತು. ಆದ್ರೆ ಸಾಕಾಗುವಷ್ಟು ಇರಲಿಲ್ಲ.

ಇಲ್ಲಿ ಹೈಸ್ಕೂಲಿನ ಓಮ್ ನಿಯಮ ನೆನಪು ಮಾಡ್ಕೊಳ್ಳಿ. ಆ ಜೋಡಣೆಯಲ್ಲಿ ಬರೀ 0.05 ಓಮ್ ತಡೆ ಇದೆ ಅಂದ್ಕೊಳ್ಳಿ. ಮಾಮೂಲಿ ಮಲ್ಟಿಮೀಟರ್‌ನಲ್ಲಿ ಓಮ್ ಅಳೆದ್ರೆ ಇದು ಸೊನ್ನೆ ಅಂತಲೇ ಕಾಣುತ್ತೆ. ಹಗಲಲ್ಲಿ 5 ಆಂಪಿಯರ್ ಓಡ್ತಿದ್ರೆ ಕಳೆದುಹೋಗೋದು ಕಾಲು ವೋಲ್ಟ್, ಯಾರಿಗೂ ಗೊತ್ತಾಗಲ್ಲ. ರಾತ್ರಿ ಹೆಡ್‌ಲೈಟ್, ಬ್ಲೋವರ್, ಡಿಫಾಗರ್ ಎಲ್ಲ ಸೇರಿ 35 ಆಂಪಿಯರ್ ಆಯ್ತು ಅಂದ್ರೆ ಸುಮಾರು 1.75 ವೋಲ್ಟ್ ಹೋಯ್ತು. ನಿಧಾನ ವೇಗದಲ್ಲಿ ಸ್ಟೀರಿಂಗ್ ತಿರುಗಿಸಿದಾಗ ಅದರ ಮೋಟಾರ್ ಇನ್ನೂ ಹತ್ತಾರು ಆಂಪಿಯರ್ ಎಳೆಯುತ್ತೆ. ಅಲ್ಲಿಗೆ ಕಂಪ್ಯೂಟರ್‌ಗಳಿಗೆ ಸಿಗೋ ವೋಲ್ಟೇಜ್ ಕುಸಿದು, ಅವು ತಮ್ಮನ್ನ ಕಾಪಾಡಿಕೊಳ್ಳೋಕೆ ಕೆಲಸ ನಿಲ್ಲಿಸ್ತವೆ. ನೆಲಮಂಗಲದಲ್ಲಿ ಆಗಿದ್ದು ಇದೇ. ಹಗಲು ಹೊತ್ತಲ್ಲಿ, ಎಲ್ಲಾ ಆಫ್ ಮಾಡಿ ಟೆಸ್ಟ್ ಡ್ರೈವ್ ಮಾಡಿದ ವರ್ಕ್‌ಶಾಪಿಗೆ ಏನೂ ಸಿಗದಿದ್ದಿದ್ದೂ ಇದಕ್ಕೇ.

ಎಲೆಕ್ಟ್ರಿಷಿಯನ್ ಮಾಡಿದ ಟೆಸ್ಟ್ ತುಂಬಾ ಸಿಂಪಲ್. ಇಂಜಿನ್ ಆನ್, ಲೈಟು ಬ್ಲೋವರ್ ಎಲ್ಲಾ ಆನ್. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಇನ್ನೊಂದು ಬಾಡಿಯ ಬಣ್ಣವಿಲ್ಲದ ಲೋಹದ ಮೇಲೆ. 0.1, 0.2 ವೋಲ್ಟ್ ಒಳಗೆ ಇರಬೇಕು. ನನ್ನ ಕಾರಲ್ಲಿ 1.8 ತೋರಿಸ್ತು. ಸ್ಟೀರಿಂಗ್ ತಿರುಗಿಸಿ ಅಂದ್ರು, ತಿರುಗಿಸಿದೆ, ಅದು 3 ದಾಟಿತು. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅವರು ಆ ಬೋಲ್ಟ್ ಮುಟ್ಟಲಿಲ್ಲ. "ಬಿಲ್ ಅವರದ್ದು, ಅವರ ಕೈಯಲ್ಲೇ ಮಾಡಿಸಿ. ಈ ರೀಡಿಂಗ್ ವಿಡಿಯೊ ಮಾಡ್ಕೊಳ್ಳಿ" ಅಂದ್ರು. ಅವರು ತಗೊಂಡಿದ್ದು 300 ರೂಪಾಯಿ.

ಇದಕ್ಕಿಂತ ನನಗೆ ಹೆದರಿಕೆ ಆಗೋದು ಏರ್‌ಬ್ಯಾಗ್ ಲೈಟ್ ವಿಷಯದಲ್ಲಿ. ಕಾರೊಳಗೆ ನೀರು ನುಗ್ಗಿತು ಅಂದ್ಕೊಳ್ಳಿ, ಕಾರ್ಪೆಟ್ ಒಣಗಿಸೋಕೆ ಸೀಟ್ ತೆಗೀತಾರೆ. ಸೀಟಿನಡಿ ಕಪ್ಲರ್‌ಗಳಿರುತ್ತವೆ, ಏರ್‌ಬ್ಯಾಗಿನದ್ದು ಸಾಮಾನ್ಯವಾಗಿ ಹಳದಿ ಬಣ್ಣ. ಅದು ಬಿಚ್ಚಿರುವಾಗ ಯಾರೋ ಹುಡುಗ ಕಾರನ್ನ ಆ ಕಡೆ ಈ ಕಡೆ ಸರಿಸೋಕೆ ಅಂತ ಕೀ ತಿರುಗಿಸ್ತಾನೆ. ಅಷ್ಟು ಸಾಕು, ಏರ್‌ಬ್ಯಾಗ್ ಕಂಪ್ಯೂಟರ್ "ಸರ್ಕ್ಯೂಟ್ ಕಾಣ್ತಿಲ್ಲ" ಅಂತ ಬರೆದಿಟ್ಟುಕೊಳ್ಳುತ್ತೆ. ಆಮೇಲೆ ಕಪ್ಲರ್ ಸರಿಯಾಗಿ ಹಾಕಿದ್ರೂ ಬಹಳಷ್ಟು ಕಾರಲ್ಲಿ ಸ್ಕ್ಯಾನರ್ ಹಾಕಿ ಅಳಿಸೋ ತನಕ ಲೈಟ್ ಹೋಗಲ್ಲ. ಇದು ಐದು ನಿಮಿಷದ ಕೆಲಸ. ಆದ್ರೆ ಆ ಲೈಟ್ ಉರೀತಿರುವಾಗ ಅಪಘಾತ ಆದ್ರೆ ಏರ್‌ಬ್ಯಾಗ್ ತೆರೆದುಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ. ನಮ್ಮಲ್ಲಿ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈನಿಂದ, ಅಲ್ಲಿಂದೀಚೆಗೆ ಬಂದ ಪ್ರತಿ ಹೊಸ ಕಾರಲ್ಲೂ ಈ ಲೈಟ್ ಇದೆ. ಕೀ ಆನ್ ಮಾಡಿದಾಗ ಅದು ಕೆಲವು ಸೆಕೆಂಡ್ ಉರಿದು ಆರಬೇಕು. ಆರದೇ ಇದ್ರೆ ತೊಂದರೆ. ಉರಿಯದೇ ಇದ್ರೆ ಇನ್ನೂ ದೊಡ್ಡ ತೊಂದರೆ, ಯಾರೋ ಲೈಟನ್ನೇ ಕೆಲಸ ಮಾಡದ ಹಾಗೆ ಮಾಡಿರಬಹುದು. ಆ ಹಳದಿ ಕಪ್ಲರ್‌ನ ದಯವಿಟ್ಟು ಯೂಟ್ಯೂಬ್ ನೋಡಿ ನೀವೇ ಮುಟ್ಟಬೇಡಿ.

ಎಡಾಸ್ ಇರೋ ಹೊಸ ಕಾರಾದ್ರೆ ಇನ್ನೊಂದು ಮಾತು. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದ್ದು ಗಾಜು ಬದಲಿಸಿದ್ರೆ, ಕ್ಯಾಮೆರಾ ಕ್ಯಾಲಿಬ್ರೇಷನ್ ಆಯ್ತಾ ಅಂತ ಕೇಳಿ. ರೇಡಾರ್ ಬಂಪರ್ ಹಿಂದೆ ಇದ್ರೆ, ಅದರ ಎದುರಿಗೆ ದಪ್ಪ ಪುಟ್ಟಿ, ಪೇಂಟ್ ಬಳಿದ ಬಂಪರ್ ಕೂಡ ಅದರ ದೃಷ್ಟಿ ಕೆಡಿಸಬಹುದು.

ವರ್ಕ್‌ಶಾಪ್ ಪರವಾಗಿಯೂ ಸ್ವಲ್ಪ ಹೇಳಬೇಕು. ನಾಲ್ಕು ವರ್ಷದ ಬ್ಯಾಟರಿ ಸರ್ವೀಸ್ ಆದ ವಾರಾನೇ ಸಾಯಬಹುದು, ಅದು ಅವರ ತಪ್ಪಲ್ಲ. ಇಲಿ ವೈರ್ ಕಡಿದಿರಬಹುದು. ಹೊರಗಡೆ ಅಂಗಡಿಯಲ್ಲಿ ವೈರ್ ಕತ್ತರಿಸಿ, ಟೇಪ್ ಸುತ್ತಿ ಹಾಕಿಸಿದ ದೊಡ್ಡ ಹಾರ್ನು, ಆಂಡ್ರಾಯ್ಡ್ ಸ್ಟೀರಿಯೊಗಳೇ ಎಷ್ಟೋ ಸಲ ನಿಜವಾದ ಆರೋಪಿಗಳು. ಹಾಗಾಗಿ ಜಗಳಕ್ಕೆ ಮುಂಚೆ ಪುರಾವೆ ಬೇಕು. ನಾನು ಈಗ ಕಾರು ಬಿಡೋ ದಿನ ಕೀ ಆನ್ ಮಾಡಿ ಮೀಟರಿನ ವಿಡಿಯೊ ತೆಗೀತೀನಿ, ಲೈಟ್‌ಗಳು ಆರೋದು, ಕಿಲೋಮೀಟರ್ ಎಲ್ಲಾ ಕಾಣೋ ಹಾಗೆ. ವಾಪಸ್ ತಗೊಳ್ಳೋ ದಿನವೂ ಅದೇ, ಹೆಡ್‌ಲೈಟ್, ಎಸಿ, ಡಿಫಾಗರ್ ಎಲ್ಲಾ ಹಾಕಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡ್ತೀನಿ.

ಲೈಟ್ ಬಂದ್ರೆ ಮೊದಲ ಮಾತು: ಕೋಡ್ ಅಳಿಸೋಕೆ ಮುಂಚೆ ಸ್ಕ್ಯಾನ್ ರಿಪೋರ್ಟ್ ಪ್ರಿಂಟೋ ಫೋಟೊನೋ ಕೊಡಿ ಅಂತ ಕೇಳಿ. ಎಷ್ಟೋ ಕೋಡ್‌ಗಳ ಜೊತೆ ಅದು ಬಂದ ಕ್ಷಣದ ವೇಗ, ಬ್ಯಾಟರಿ ವೋಲ್ಟೇಜ್, ಕೆಲವು ಕಾರಲ್ಲಿ ಕಿಲೋಮೀಟರ್ ಕೂಡ ದಾಖಲಾಗಿರುತ್ತೆ. ರಿಪೇರಿಗೆ ಮುಂಚಿನದ್ದೋ ಆಮೇಲಿನದ್ದೋ ಅಂತ ಅದೇ ಹೇಳಬಹುದು. ಅಳಿಸಿದ್ರೆ ಸಾಕ್ಷಿ ಹೋಯ್ತು. ಆನ್‌ಲೈನಲ್ಲಿ ಸಿಗೋ ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಹೆಚ್ಚಾಗಿ ಇಂಜಿನ್ ಕೋಡ್ ಮಾತ್ರ ಓದ್ತವೆ, ಎಬಿಎಸ್, ಏರ್‌ಬ್ಯಾಗಿಗೆ ಅವನ್ನ ನಂಬ್ಕೋಬೇಡಿ. ಜಾಬ್ ಕಾರ್ಡಲ್ಲಿ 'ಲೈಟ್ ಪ್ರಾಬ್ಲಂ' ಅಂತ ಬರೆಸಬೇಡಿ. ಯಾವ ಲೈಟ್, ಯಾವಾಗ, ಏನೇನು ಆನ್ ಇತ್ತು, ರಿಪೇರಿ ಆಗಿ ಎಷ್ಟು ದಿನ, ಎಷ್ಟು ಕಿಲೋಮೀಟರ್, ಇಷ್ಟೂ ಬರೆಸಿ ಸಹಿ ಹಾಕಿ.

ಮಾತಲ್ಲಿ ಬಗೆಹರಿಯದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೆಟ್ಟ ರಿಪೇರಿಯನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಸೇವಾ ನ್ಯೂನತೆ ಅಂತ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇಡಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. ಆ ಸೇವೆಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ.

ನನಗೆ ಅಲ್ಲಿ ತನಕ ಹೋಗೋ ಪ್ರಮೇಯ ಬರಲಿಲ್ಲ. ವಿಡಿಯೊ ತೋರಿಸಿದೆ. ಅಡ್ವೈಸರ್ ಫ್ಲೋರ್ ಸೂಪರ್‌ವೈಸರ್‌ನ ಕರೆದ್ರು. ಅವರು ನೋಡಿ ಏನೂ ಮಾತಾಡಲಿಲ್ಲ, ಬೋಲ್ಟ್ ಬಿಚ್ಚಿಸಿ, ಪೇಂಟ್ ಉಜ್ಜಿಸಿ, ಮತ್ತೆ ಬಿಗಿಸಿದ್ರು. ಮಲ್ಟಿಮೀಟರ್ 0.06ಕ್ಕೆ ಇಳೀತು. ಬಿಲ್ ಸೊನ್ನೆ. ಜಾಬ್ ಕಾರ್ಡಲ್ಲಿ ಮಾತ್ರ 'ಜನರಲ್ ಚೆಕಪ್ ಮಾಡಲಾಗಿದೆ' ಅಂತ ಬರೆದಿದ್ರು. 'ಅರ್ಥ್ ಬೋಲ್ಟ್ ಪೇಂಟ್ ಮೇಲೆ ಇತ್ತು, ಸರಿ ಮಾಡಲಾಗಿದೆ' ಅಂತ ತಿದ್ದಿಸೋಕೆ ಇನ್ನೂ ಮುಕ್ಕಾಲು ಗಂಟೆ ಕೂತೆ.