ಹರಟೆಯ ಬೆಲೆ

ನಾಲ್ವರು ಗೆಳೆಯರು ಕಾಫಿಯ ಮುಂದೆ ಕುಳಿತು ನಾಟಕ, ಪುಸ್ತಕ, ಚಲಚ್ಚಿತ್ರ, ತಿಂಡಿಗಳ ವಿಚಾರವಾಗಿ ಹರಟುವುದನ್ನು ಕಾಲಹರಣವೆಂದು ಹಳಿಯುವ ಮಹನೀಯರುಂಟು. ನಾವು ಇದನ್ನು ಒಪ್ಪಲಾರೆವು.

ರಾಮನಗರದ ಸೀಮೆಯನ್ನೇ ನೋಡಿರಿ. ಅಲ್ಲಿಯ ರಾಮದೇವರ ಬೆಟ್ಟವು 1975ರ ‘ಶೋಲೆ’ ಎಂಬ ಹಿಂದೀ ಚಿತ್ರದಲ್ಲಿ ರಾಮಗಢವಾಯಿತು. ಮಾಗಡಿಯ ಸಾವನದುರ್ಗವು, ಫಾರ್ಸ್ಟರನ ಕಾದಂಬರಿಯನ್ನಾಧರಿಸಿ 1984ರಲ್ಲಿ ಬಂದ ಆಂಗ್ಲ ಚಿತ್ರದಲ್ಲಿ, ಮರಬಾರ್ ಬೆಟ್ಟವಾಯಿತು. ಲೋಕವು ಇವುಗಳನ್ನು ಕಂಡಿತು. ಆದರೆ ಪರರ ಹೆಸರಿನಿಂದ ಕಂಡಿತು. ಸ್ವಂತ ಹೆಸರಿನ ಕಥೆ ಉಳಿದಿರುವುದು ಊರವರ ನಾಲಗೆಯಲ್ಲಿ. ‘ಕುರುಕ್ಷೇತ್ರ’ ನಾಟಕದಲ್ಲಿ ಯಾವ ಊರಿನ ಕೃಷ್ಣನು ಮೇಲೆಂಬ ವಾದ, ಮುದ್ದೆಗೆ ಒಗ್ಗುವ ಸಾರಿನ ವಿಚಾರ, ಚನ್ನಪಟ್ಟಣದ ಆಲೆಮರದ ಬೊಂಬೆಗೆ ಅರಗು ಹಚ್ಚುವ ಕೈಚಳಕ, ಕನಕಪುರದ ರೈತನ ರೇಷ್ಮೆಗೂಡಿನ ಧಾರಣೆ, ಇವೆಲ್ಲಕ್ಕೂ ಹರಟೆಯೇ ಆಶ್ರಯ.

ಆದರೆ ಮಾತು ಆಡಿದವನೊಡನೆ ಅಳಿಯತಕ್ಕದ್ದು. ಇದನ್ನರಿತೇ, ಸರ್ಕಾರದ ಅಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು ಹಳ್ಳಿಗರ ಹಾಡು, ಕಥೆಗಳನ್ನು ಸಂಗ್ರಹಿಸಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಸ್ಥಾಪಿಸಿದರು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಹೊರಗಿಟ್ಟು ಸಾಗುತ್ತದೆ. ಅದರಲ್ಲಿ ಹೋಗುವ ಪ್ರಯಾಣಿಕನು ಊರ ಕಾಫಿಗೆ ಇಳಿಯನು, ಊರ ಮಾತನ್ನೂ ಕೇಳನು.

ಆದಕಾರಣ ಓದುಬರಹ ಬಲ್ಲವರೂ ಅಧಿಕಾರಿಗಳೂ ಹಿರಿಯರ ಹರಟೆಗೆ ಒಂದು ಸಂಜೆಯನ್ನು ಮೀಸಲಿಟ್ಟು, ಕೇಳಿದ್ದನ್ನು ಆ ರಾತ್ರಿಯೇ ಬರೆದಿಡಲಿ. ನಾಳೆಗೆ ಬಿಟ್ಟರೆ ಹೇಳುವವರು ಇರಲಾರರು.