ಮಗಳ ಬಿಡಿಎಸ್ ಫೀಸು, ಅಪ್ಪನ ಮಾತ್ರೆ

ಕಾಲಿನ ಹುಣ್ಣು ಮಾಯುತ್ತಿಲ್ಲವೆಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು ನನ್ನಲ್ಲಿಗೆ ಬಂದಿದ್ದರು. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಪರೀಕ್ಷಿಸಿದರೆ ರಕ್ತದ ಸಕ್ಕರೆ 340! ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಅವರು ತಲೆ ತಗ್ಗಿಸಿದರು. ಉತ್ತರ ಕೊಟ್ಟವರು ಪತ್ನಿ: ‘ದಿನ ಬಿಟ್ಟು ದಿನ ತಗೋತಾರೆ ಡಾಕ್ಟ್ರೇ. ಮಗಳು ಬಿಡಿಎಸ್ ಓದ್ತಿದಾಳಲ್ಲ, ಎರಡನೇ ವರ್ಷದ ಫೀಸು ಕಟ್ಟಬೇಕು.’

ಹೀಗೆ ಉಳಿತಾಯ ಮಾಡುವವರು ಇವರೊಬ್ಬರೇ ಅಲ್ಲ. ಕಾಲೇಜಿನ ಫೀಸು ಕಟ್ಟುವ ತಿಂಗಳುಗಳಲ್ಲಿ ರಕ್ತದೊತ್ತಡದ ಮಾತ್ರೆ ಬಿಟ್ಟವರನ್ನು, ಕನ್ನಡಕ ಮುಂದೂಡಿದವರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಆರೋಗ್ಯದ ಅಂಕಣದಲ್ಲಿ ವಿದ್ಯಾರ್ಥಿವೇತನದ ಮಾತೇಕೆ ಎಂದು ನೀವು ಕೇಳಿದರೆ, ನನ್ನ ಉತ್ತರ ಆ ಕಾಲಿನ ಹುಣ್ಣು.

ದಂತವೈದ್ಯ ಪದವಿಗೆ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಸೀಟು ಸಿಗುವುದು ನೀಟ್ ಪರೀಕ್ಷೆಯ ರ‍್ಯಾಂಕಿನ ಮೇಲೆ. ಆದ್ದರಿಂದ ಮನೆಮಂದಿಯ ಕಣ್ಣೆಲ್ಲ ನೀಟ್ ಮೇಲೆಯೇ. ‘ಪಿಯುಸಿ ಪಾಸಾದರೆ ಸಾಕು ಬಿಡಿ’ ಎನ್ನುವ ತಂದೆತಾಯಿಯರನ್ನು ಕಂಡಿದ್ದೇನೆ. ತಪ್ಪಾಗುವುದು ಇಲ್ಲೇ. ಕಾಲೇಜು ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ನೀಟ್ ರ‍್ಯಾಂಕನ್ನು ನೋಡುವುದಿಲ್ಲ, ದ್ವಿತೀಯ ಪಿಯುಸಿ ಅಂಕವನ್ನು ನೋಡುತ್ತಾರೆ. ತಮ್ಮ ವಿಭಾಗದಲ್ಲಿ ನೂರಕ್ಕೆ ಎಂಬತ್ತು ಮಂದಿಗಿಂತ ಮೇಲಿರುವವರು ಅರ್ಜಿ ಹಾಕಬಹುದು. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷ ರೂಪಾಯಿ ಮೀರಿರಬಾರದು. ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ನಾಲ್ಕನೇ ವರ್ಷ 20,000. ನಾಲ್ಕು ವರ್ಷದ ಓದಿಗೆ ಒಟ್ಟು 56,000 ಆಯಿತು.

ಖಾಸಗಿ ಕಾಲೇಜಿನ ಫೀಸಿನ ಮುಂದೆ ಇದು ದೊಡ್ಡ ಮೊತ್ತವಲ್ಲ, ನಿಜ. ಆದರೆ ಬಿಡಿಎಸ್‌ನಲ್ಲಿ ಫೀಸಿನ ಹೊರಗೂ ಖರ್ಚಿದೆ. ಮೊದಲ ವರ್ಷವೇ ಮೇಣದಲ್ಲಿ ಹಲ್ಲಿನ ಆಕಾರ ಕೆತ್ತಬೇಕು, ಆಮೇಲೆ ದಂತಪಂಕ್ತಿ ತಯಾರಿಸುವುದನ್ನು ಕಲಿಯಬೇಕು. ಇದಕ್ಕೆಲ್ಲ ಸಲಕರಣೆ ಬೇಕು. ಸೀಟು ಒಪ್ಪಿಕೊಳ್ಳುವ ಮೊದಲು ಮೊದಲ ವರ್ಷದ ಫೀಸನ್ನಷ್ಟೇ ನೋಡಬೇಡಿ. ಹಾಸ್ಟೆಲ್, ಊಟ, ಸಲಕರಣೆ ಸೇರಿಸಿ ಐದೂ ವರ್ಷದ ಲೆಕ್ಕ ಬರೆಯಿರಿ. ಅದರಲ್ಲಿ ಮನೆಯವರ ಔಷಧಿಗೆಂದು ಒಂದು ಸಾಲು ಇರಲಿ, ಆ ಸಾಲಿಗೆ ಯಾರೂ ಕೈಹಾಕಬಾರದು.

ಇನ್ನೊಂದು ಮಾತು. ಕೇಂದ್ರದ ಈ ಹಣ ಪಡೆಯುವವರು ಬೇರೆ ವಿದ್ಯಾರ್ಥಿವೇತನ ಅಥವಾ ಶುಲ್ಕ ವಿನಾಯಿತಿ ಪಡೆಯುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ರಾಜ್ಯದ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ದೊರೆಯುವ ಶುಲ್ಕ ಮರುಪಾವತಿ ಅನೇಕ ಸಲ ಇದಕ್ಕಿಂತ ಲಾಭಕರ. ಎರಡನ್ನೂ ಹೋಲಿಸಿ ನೋಡಿ, ಆಮೇಲೆ ಅರ್ಜಿ ಹಾಕಿ.

ಒಮ್ಮೆ ಸಿಕ್ಕಿದ ಹಣ ತಾನಾಗಿಯೇ ಪ್ರತಿವರ್ಷ ಬರುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ವರ್ಷವರ್ಷವೂ ನವೀಕರಣದ ಅರ್ಜಿ ಹಾಕಬೇಕು, ಕಾಲೇಜಿನವರು ಅದನ್ನು ಪರಿಶೀಲಿಸಬೇಕು. ಕನಿಷ್ಠ ಶೇ 50 ಅಂಕ, ಶೇ 75 ಹಾಜರಾತಿ ಇರಲೇಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಇಲ್ಲ ಎಂಬಂಥ ಕಾರಣಕ್ಕೂ ಹಣ ನಿಂತುಹೋಗುತ್ತದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಕೊನೆಯ ವಾರದವರೆಗೆ ಬಿಡಬೇಡಿ.

ಹಾಜರಾತಿಯ ವಿಷಯಕ್ಕೆ ಬಂದರೆ, ಅದು ನನ್ನ ಕಸುಬಿಗೆ ಹತ್ತಿರದ್ದು. ಹಾಸ್ಟೆಲಿನ ಮಕ್ಕಳು ಬೆಳಗಿನ ತಿಂಡಿ ಬಿಡುತ್ತಾರೆ, ರಾತ್ರಿ ಎರಡರವರೆಗೆ ಓದುತ್ತಾರೆ, ಸಿಕ್ಕಲ್ಲಿ ನೀರು ಕುಡಿಯುತ್ತಾರೆ. ಕಾಮಾಲೆಯೋ ಟೈಫಾಯ್ಡೋ ಬಂದರೆ ವಾರಗಟ್ಟಲೆ ತರಗತಿ ತಪ್ಪುತ್ತದೆ. ಆಮೇಲೆ ಹಾಜರಾತಿ ಸಾಲದೆ ನನ್ನ ಬಳಿ ಸುಳ್ಳು ಸರ್ಟಿಫಿಕೇಟಿಗೆ ಬರುವವರೂ ಇದ್ದಾರೆ. ನಾನು ಕೊಡುವುದಿಲ್ಲ, ಬೈದು ಕಳಿಸುತ್ತೇನೆ. ಕುದಿಸಿ ಆರಿಸಿದ ನೀರು, ಹೊತ್ತಿಗೆ ಸರಿಯಾಗಿ ಊಟ, ಆರೇಳು ಗಂಟೆ ನಿದ್ದೆ ಇವೂ ವಿದ್ಯಾರ್ಥಿವೇತನ ಉಳಿಸುವ ಉಪಾಯಗಳೇ. ದಂತವೈದ್ಯ ವಿದ್ಯಾರ್ಥಿಗೆ ರೋಗಿಯ ರಕ್ತ, ಎಂಜಲು ತಾಗುವುದು ತಪ್ಪದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದನ್ನು ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂಬಂತೆ ಮೊದಲ ವರ್ಷದಲ್ಲೇ ಮುಗಿಸಿ. ಚಿಕ್ಕಂದಿನಲ್ಲಿ ಹಾಕಿಸಿದ್ದರೆ ಆ ಕಾರ್ಡನ್ನು ವೈದ್ಯರಿಗೆ ತೋರಿಸಿ ಕೇಳಿ.

ಆ ಲೆಕ್ಕ ಬರೆಯುವವರ ಮಗಳಿಗೆ ಮೊದಲ ವರ್ಷ 12,000 ಬಂದಿತ್ತು. ನವೀಕರಣ ಮಾಡಿಸಿದ್ದೀರಾ ಎಂದು ಕೇಳಿದಾಗ ದಂಪತಿ ಮುಖ ಮುಖ ನೋಡಿಕೊಂಡರು. ನನ್ನೆದುರಿಗೇ ಮಗಳಿಗೆ ಫೋನ್ ಮಾಡಿಸಿದೆ. ಕೊನೆಯ ದಿನಕ್ಕೆ ಇನ್ನು ಒಂಬತ್ತು ದಿನ ಉಳಿದಿತ್ತು. ಅಪ್ಪನಿಗೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುವ ಅದೇ ಔಷಧಿ ಬರೆದುಕೊಟ್ಟು, ಹುಣ್ಣಿಗೆ ದಿನವೂ ಪಟ್ಟಿ ಕಟ್ಟಿಸಿಕೊಳ್ಳಲು ಹೇಳಿದೆ.

ಮೊನ್ನೆ ಅವರು ಮತ್ತೆ ಬಂದಿದ್ದರು. ಹುಣ್ಣು ಮುಕ್ಕಾಲುಪಾಲು ಮಾಗಿದೆ, ಸಕ್ಕರೆ 168ಕ್ಕೆ ಇಳಿದಿದೆ. ಮಗಳ ಅರ್ಜಿಯನ್ನು ಕಾಲೇಜಿನವರು ಪರಿಶೀಲಿಸಿ ಮುಂದೆ ಕಳಿಸಿದ್ದಾರೆ, ಹಣ ಇನ್ನೂ ಬಂದಿಲ್ಲ. ನಾನು ಕೇಳುವ ಮೊದಲೇ ಅವರ ಪತ್ನಿ ಚೀಲದಿಂದ ಮಾತ್ರೆಯ ಖಾಲಿ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.